ಹವ್ಯಾಸಿ ಸಿ.ಎನ್.ಸಿ. ರೂಟರ್‌ಗೆ ಸ್ವಯಂಚಾಲಿತ ಜೋಡಣೆಗಳು

ಬಿಡುವಿನ ವೇಳೆಯಲ್ಲಿ ಮರಗೆಲಸ ಮಾಡಿಕೊಳ್ಳುವ ರೈತರು ನಮ್ಮಲ್ಲಿ ಅನೇಕರಿದ್ದಾರೆ. ಜೇನು ಪೆಟ್ಟಿಗೆಯ ಹಲಗೆ, ಬಿತ್ತನೆ ಯಂತ್ರದ ಬೀಜದ ತಟ್ಟೆ, ತೋಟದ ನಾಮಫಲಕ, ಬಾಗಿಲಿನ ಕೆತ್ತನೆ ಮುಂತಾದವುಗಳನ್ನು ಒಂದೇ ಅಳತೆಯಲ್ಲಿ ಎಷ್ಟು ಬೇಕಾದರೂ ಕತ್ತರಿಸಿಕೊಡುವ ಸಿ.ಎನ್.ಸಿ. ರೂಟರ್ ಎಂಬ ಯಂತ್ರವು ಈಗ ಮೇಜಿನ ಮೇಲೆ ಇಡುವಷ್ಟು ಚಿಕ್ಕ ಗಾತ್ರದಲ್ಲಿಯೂ ದೊರೆಯುತ್ತದೆ. ಓದಿದ ಮಕ್ಕಳಿರುವ ಮನೆಗಳಲ್ಲಿ ಇಂಥ ಯಂತ್ರವನ್ನು ಕೊಂಡು ತಂದು, ಇಲ್ಲವೇ ಬಿಡಿಭಾಗಗಳಿಂದ ತಾವೇ ಜೋಡಿಸಿ ನಡೆಸುವುದುಂಟು.

ಮೊದಮೊದಲು ಎಲ್ಲ ಕೆಲಸವನ್ನೂ ಕೈಯಿಂದಲೇ ಮಾಡುವುದು ವಾಡಿಕೆ. ಕತ್ತರಿಸುವ ಮೋಟಾರಿನ ಸ್ವಿಚ್ ಒತ್ತುವುದು, ಧೂಳು ಹೀರುವ ಯಂತ್ರವನ್ನು ಚಾಲೂ ಮಾಡುವುದು, ತಂಪು ನೀರಿನ ಪಂಪನ್ನು ನೆನಪಿಟ್ಟು ಹಾಕುವುದು ಇವೆಲ್ಲ ಕೆಲವು ದಿನಗಳಲ್ಲಿಯೇ ಬೇಸರ ತರುತ್ತವೆ. ಯಂತ್ರದ ನಿಯಂತ್ರಕವೇ ಇವುಗಳನ್ನು ನಡೆಸುವಂತೆ ಮಾಡಿಕೊಳ್ಳುವುದು ಕಷ್ಟವಲ್ಲ, ಖರ್ಚೂ ಹೆಚ್ಚಲ್ಲ. ಆದರೆ ಜೋಡಣೆ ತಪ್ಪಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಿಟ್ ಎದುರು ಬೆರಳುಗಳಿರುತ್ತವೆ. ಕೋಣೆಯ ತುಂಬ ಒಣ ಮರದ ಪುಡಿ ಇರುತ್ತದೆ. ಎಷ್ಟೋ ಕಡೆ ಪಕ್ಕದಲ್ಲಿಯೇ ಹುಲ್ಲಿನ ಬಣವೆಯೂ ಇರುತ್ತದೆ. ಆದಕಾರಣ ತಾನಾಗಿ ಚಾಲೂ ಆಗುವ ವ್ಯವಸ್ಥೆಗಿಂತ ಮೊದಲು ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ಪಂಪ್‌ಸೆಟ್ಟಿನ ಸ್ಟಾರ್ಟರನ್ನು ತಿಳಿದಿರುವ ರೈತರಿಗೆ ಇದನ್ನು ಅರಿಯುವುದು ಸುಲಭ.

ಯಂತ್ರದ ರಚನೆ

ರೂಟರಿನಲ್ಲಿ ಕತ್ತರಿಸುವ ಮೋಟಾರು ಮೂರು ದಿಕ್ಕುಗಳಲ್ಲಿ ಚಲಿಸುತ್ತದೆ: ಎಡಬಲಕ್ಕೆ, ಹಿಂದುಮುಂದಕ್ಕೆ ಮತ್ತು ಮೇಲೆಕೆಳಗೆ. ಇವನ್ನು ಕ್ರಮವಾಗಿ ಎಕ್ಸ್, ವೈ, ಝಡ್ ಅಕ್ಷಗಳೆಂದು ಕರೆಯುತ್ತಾರೆ. ಪ್ರತಿ ಅಕ್ಷವನ್ನೂ ಒಂದೊಂದು ಸ್ಟೆಪ್ಪರ್ ಮೋಟಾರು ನಡೆಸುತ್ತದೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಎಂಬ ಭಾಗವು ಪ್ರತಿ ಹೆಜ್ಜೆಯನ್ನು 8 ಪಾಲು ಮಾಡಿದರೆ ಸುತ್ತಿಗೆ 1600 ಹೆಜ್ಜೆಗಳಾಗುತ್ತವೆ. ಒಂದು ಸುತ್ತಿಗೆ 8 ಮಿ.ಮೀ. ಮುಂದೆ ಸಾಗಿಸುವ ತಿರುಪಿನ ದಂಡವಿದ್ದರೆ 1 ಮಿ.ಮೀ. ಚಲನೆಗೆ 200 ಹೆಜ್ಜೆ ಬೇಕೆಂದಾಯಿತು. ನಿಯಂತ್ರಕವು ಈ ಹೆಜ್ಜೆಗಳನ್ನು ಎಣಿಸಿಯೇ ಬಿಟ್ ಎಲ್ಲಿದೆಯೆಂದು ಲೆಕ್ಕವಿಡುತ್ತದೆ. ಅದಕ್ಕೆ ಕಣ್ಣಿಲ್ಲ; ಎಣಿಕೆಯೊಂದೇ ಆಧಾರ. ಈ ಮಾತನ್ನು ನೆನಪಿಡಬೇಕು.

ನಿಯಂತ್ರಕದ ಕೆಲಸ

ಅಂಕಿಗಳಿಂದ ನಡೆಯುವ ಕತ್ತರಿಸುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಆಗ ಅದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟಕುವಂಥದಾಗಿತ್ತು. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೊ ಎಂಬ ಅಗ್ಗದ ಬೋರ್ಡು ಹೊರಬಂದಿತು. 2009ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಅವರು ಈ ಬೋರ್ಡಿನಲ್ಲಿ ನಡೆಯುವ ಜಿ.ಆರ್.ಬಿ.ಎಲ್. ಎಂಬ ಪ್ರೋಗ್ರಾಮನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಹವ್ಯಾಸಿಗಳ ಚಿಕ್ಕ ಯಂತ್ರಗಳಲ್ಲಿ ಬಹಳಷ್ಟು ಇದರಿಂದಲೇ ನಡೆಯುತ್ತವೆ. ಮುಂದೆ ಹೇಳುವ ವಿವರಗಳು ಇದಕ್ಕೆ ಅನ್ವಯಿಸುತ್ತವೆ.

ಕಂಪ್ಯೂಟರು ಒಂದೊಂದೇ ಸಾಲಿನಂತೆ ಆಜ್ಞೆಗಳನ್ನು ಕಳುಹಿಸುತ್ತದೆ. 'ಜಿ' ಅಕ್ಷರದಿಂದ ಆರಂಭವಾಗುವ ಆಜ್ಞೆಗಳಲ್ಲಿ ಹೆಚ್ಚಿನವು ಚಲನೆಗೆ ಸಂಬಂಧಿಸಿದವು. 'ಎಂ' ಅಕ್ಷರದವು ಉಪಸಾಧನಗಳಿಗೆ ಸಂಬಂಧಿಸಿದವು. ನಮಗೆ ಬೇಕಾದವು ಇವು:

1. ಎಂ3 – ಕತ್ತರಿಸುವ ಮೋಟಾರು ಚಾಲೂ. ಜೊತೆಗೆ 'ಎಸ್' ಅಕ್ಷರದ ಮುಂದೆ ವೇಗವನ್ನು ಬರೆಯಬೇಕು.
2. ಎಂ5 – ಕತ್ತರಿಸುವ ಮೋಟಾರು ಬಂದ್.
3. ಎಂ8 – ತಂಪು ನೀರಿಗೆಂದು ಇಟ್ಟಿರುವ ಆಜ್ಞೆ. ಮರ ಕತ್ತರಿಸುವವರು ಇದನ್ನು ಧೂಳು ಹೀರುವ ಯಂತ್ರಕ್ಕೆ ಬಳಸಿಕೊಳ್ಳಬಹುದು.
4. ಎಂ9 – ಎಂ8ರಿಂದ ಚಾಲೂ ಆದುದು ಬಂದ್.
5. ಜಿ4 – ಕಾಯುವ ಆಜ್ಞೆ. 'ಪಿ' ಅಕ್ಷರದ ಮುಂದೆ ಬರೆದಷ್ಟು ಸೆಕೆಂಡು ಕಾಯುತ್ತದೆ. ಬೇರೆ ಕೆಲವು ನಿಯಂತ್ರಕಗಳು ಇದೇ ಅಂಕಿಯನ್ನು ಸೆಕೆಂಡಿನ ಸಾವಿರದ ಒಂದು ಭಾಗವೆಂದು ತಿಳಿಯುವುದರಿಂದ ಮೊದಲು ಪರೀಕ್ಷಿಸಿಕೊಳ್ಳಬೇಕು.

ಚಿಕ್ಕ ಸಂಕೇತ, ದೊಡ್ಡ ಭಾರ

ಎಂ8 ಎಂದಾಗ ಆರ್ಡುಯಿನೊ ಯುನೊ ಬೋರ್ಡಿನ ಎ3 ಎಂಬ ಪಿನ್ನಿನಲ್ಲಿ 5 ವೋಲ್ಟ್ ಬರುತ್ತದೆ. ಆ ಪಿನ್ನಿನಿಂದ ನಿಶ್ಚಿಂತೆಯಾಗಿ ಪಡೆಯಬಹುದಾದ ವಿದ್ಯುತ್ತು ಸುಮಾರು 20 ಮಿಲಿ ಆಂಪಿಯರ್ ಮಾತ್ರ. ಒಂದು ಚಿಕ್ಕ ರಿಲೇಯ ಸುರುಳಿಗೇ ಸುಮಾರು 70 ಮಿಲಿ ಆಂಪಿಯರ್ ಬೇಕು. ಧೂಳು ಹೀರುವ 1200 ವಾಟ್ ಯಂತ್ರವಾದರೋ 230 ವೋಲ್ಟಿನಲ್ಲಿ 5 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಹೊರಡುವ ಕ್ಷಣದಲ್ಲಿ ಇದರ ಹಲವು ಪಟ್ಟು.

ಪಂಪ್‌ಸೆಟ್ಟಿನಲ್ಲಿ ಹಸಿರು ಗುಂಡಿಯ ಮೂಲಕ ಮೋಟಾರಿನ ವಿದ್ಯುತ್ತು ಹರಿಯುವುದಿಲ್ಲ. ಗುಂಡಿಯು ಕಾಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ಎಳೆಯುತ್ತದೆ. ಭಾರವನ್ನು ಕಾಂಟ್ಯಾಕ್ಟರು ಹೊರುತ್ತದೆ. ಇಲ್ಲಿಯೂ ಹಾಗೆಯೇ. ಪಿನ್ನಿನ ಸಂಕೇತವು ಟ್ರಾನ್ಸಿಸ್ಟರ್ ಇರುವ ರಿಲೇ ಬೋರ್ಡನ್ನೂ, ಆ ರಿಲೇಯು ಕಾಂಟ್ಯಾಕ್ಟರಿನ ಸುರುಳಿಯನ್ನೂ, ಕಾಂಟ್ಯಾಕ್ಟರು ಮೋಟಾರನ್ನೂ ನಡೆಸಬೇಕು. ಚಿಕ್ಕ ರಿಲೇಯ ಮೇಲೆ 10 ಆಂಪಿಯರ್ ಎಂದು ಮುದ್ರಿಸಿದ್ದರೂ ಅದು ಹೀಟರಿನಂಥ ಭಾರಕ್ಕೆ ಹೇಳಿದ ಅಳತೆ. ಮೋಟಾರು ಹೊರಡುವಾಗಿನ ಎಳೆತಕ್ಕೆ ಅದರ ಸಂಪರ್ಕಗಳು ಬೆಸೆದುಕೊಂಡು ಬಿಡಿಸಲಾಗದೆ ಉಳಿಯಬಹುದು. ಆಗ ನಿಯಂತ್ರಕ 'ಬಂದ್' ಎಂದರೂ ಮೋಟಾರು ನಿಲ್ಲದು.

ರಿಲೇಗೆ ಬದಲಾಗಿ ಸಾಲಿಡ್ ಸ್ಟೇಟ್ ರಿಲೇಯನ್ನು ಬಳಸುವುದುಂಟು. ಸದ್ದಿಲ್ಲದೆ ಕೆಲಸ ಮಾಡುತ್ತದೆ, ಸವೆಯುವ ಸಂಪರ್ಕಗಳಿಲ್ಲ. ಆದರೆ ಅದು ಕೆಟ್ಟಾಗ ಸಾಮಾನ್ಯವಾಗಿ ಚಾಲೂ ಸ್ಥಿತಿಯಲ್ಲಿಯೇ ಕೆಡುತ್ತದೆ. ಆದ್ದರಿಂದ ರಕ್ಷಣೆಗೆ ಅದೊಂದನ್ನೇ ನಂಬಬಾರದು. ಶಾಖ ಹೊರಹಾಕುವ ಲೋಹದ ತಟ್ಟೆಯನ್ನೂ ಅದಕ್ಕೆ ಜೋಡಿಸಬೇಕು.

ರಿಲೇ ಬೋರ್ಡನ್ನು ಕೊಳ್ಳುವಾಗ ಇನ್ನೊಂದು ಅಂಶವನ್ನು ಗಮನಿಸಬೇಕು. ಕೆಲವು ಬೋರ್ಡುಗಳು ಪಿನ್ನಿನಲ್ಲಿ ವೋಲ್ಟೇಜ್ ಬಂದಾಗ ಕೂಡುವುದಿಲ್ಲ, ಹೋದಾಗ ಕೂಡುತ್ತವೆ. ಅಂಥದನ್ನು ಜೋಡಿಸಿದರೆ ನಿಯಂತ್ರಕಕ್ಕೆ ವಿದ್ಯುತ್ತು ಕೊಟ್ಟ ಕೂಡಲೇ ಮೋಟಾರು ತಿರುಗತೊಡಗುತ್ತದೆ. ನಿಲ್ಲಿಸುವ ಆಜ್ಞೆಗೆ ಚಾಲೂ ಆಗಿ, ಚಾಲೂ ಮಾಡುವ ಆಜ್ಞೆಗೆ ನಿಲ್ಲುತ್ತದೆ. ವೋಲ್ಟೇಜ್ ಬಂದಾಗ ಮಾತ್ರ ಕೂಡುವ ಬೋರ್ಡನ್ನೇ, ಇಲ್ಲವೇ ಎರಡು ಬಗೆಗೂ ಹೊಂದಿಸಬಹುದಾದುದನ್ನೇ ಆರಿಸಬೇಕು.

ಧೂಳು ಹೀರುವ ಯಂತ್ರ

ಮೊದಲು ಸ್ವಯಂಚಾಲಿತಗೊಳಿಸಬೇಕಾದ ಉಪಸಾಧನ ಇದೇ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆ. ಕೈಯಿಂದ ಚಾಲೂ ಮಾಡುವ ಯಂತ್ರವನ್ನು ಮರೆಯುವುದು ಸುಲಭ, ಪ್ರೋಗ್ರಾಮು ಮರೆಯುವುದಿಲ್ಲ. ಹೀಗಿದ್ದರೂ ಮೂಗಿಗೆ ಮುಖವಾಡ ಕಟ್ಟಿಕೊಳ್ಳುವುದನ್ನು ಬಿಡಬಾರದು.

ಹೀರುವ ಯಂತ್ರಕ್ಕೂ ರೂಟರಿಗೂ ನಡುವೆ ಅಕ್ಕಿ ಗಿರಣಿಯಲ್ಲಿರುವಂಥ ಆಲಿಕೆಯಾಕಾರದ ಸೈಕ್ಲೋನನ್ನು ಇಟ್ಟರೆ ದಪ್ಪ ಪುಡಿ ಡಬ್ಬದಲ್ಲಿಯೇ ಬಿದ್ದು, ಚೀಲವೂ ಸೋಸುಬಟ್ಟೆಯೂ ಬೇಗ ಕಟ್ಟಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಕೊಳವೆಯಲ್ಲಿ ಒಣ ಪುಡಿ ಓಡುವಾಗ ಸ್ಥಿರ ವಿದ್ಯುತ್ತು ಹುಟ್ಟಿ ನಿಯಂತ್ರಕಕ್ಕೆ ತೊಂದರೆಯಾಗುವುದುಂಟು. ಕೊಳವೆಯುದ್ದಕ್ಕೂ ತಾಮ್ರದ ತಂತಿಯನ್ನು ಸುತ್ತಿ ಅರ್ಥಿಂಗ್‌ಗೆ ಕೂಡಿಸಿದರೆ ಇದು ಕಡಿಮೆಯಾಗುತ್ತದೆ.

ಆಜ್ಞೆಗಳ ಕ್ರಮ ಹೀಗಿರಲಿ: ಮೊದಲು ಎಂ8, ನಂತರ 3 ಸೆಕೆಂಡು ಕಾಯುವಿಕೆ, ನಂತರ ಎಂ3, ಮತ್ತೆ 5 ಸೆಕೆಂಡು ಕಾಯುವಿಕೆ, ಆಮೇಲೆ ಕತ್ತರಿಸುವಿಕೆ. ಮುಗಿದ ಮೇಲೆ ಬಿಟ್ಟನ್ನು ಮೇಲೆತ್ತಿ ಎಂ5, 10 ಸೆಕೆಂಡು ಕಾಯುವಿಕೆ, ಕೊನೆಗೆ ಎಂ9. ಹೀಗೆ ಮಾಡುವುದರಿಂದ ಎರಡು ಮೋಟಾರುಗಳು ಒಂದೇ ಕ್ಷಣದಲ್ಲಿ ಹೊರಟು ಲೈನಿನ ವೋಲ್ಟೇಜ್ ಕುಸಿಯುವುದಿಲ್ಲ; ಕೊಳವೆಯಲ್ಲಿ ಉಳಿದ ಪುಡಿಯೂ ಹೊರಹೋಗುತ್ತದೆ.

ಕತ್ತರಿಸುವ ಮೋಟಾರು

ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಬಡಗಿಗಳು ಬಳಸುವ ಕೈ ರೂಟರ್. ಇದನ್ನು ಕಾಂಟ್ಯಾಕ್ಟರಿನ ಮೂಲಕ ನಡೆಸಬಹುದು. ವೇಗವನ್ನು ಅದರ ಮೇಲಿನ ತಿರುಗಣೆಯಿಂದಲೇ ಹೊಂದಿಸಬೇಕು.

ಎರಡನೆಯದು ವಿ.ಎಫ್.ಡಿ. ಎಂಬ ಪೆಟ್ಟಿಗೆಯಿಂದ ನಡೆಯುವ ಸ್ಪಿಂಡಲ್. ಇವುಗಳಲ್ಲಿ ಬಳಕೆಯಲ್ಲಿರುವ 2.2 ಕಿಲೋವಾಟಿನದು ಸುಮಾರು 3 ಅಶ್ವಶಕ್ತಿಯ ಪಂಪಿಗೆ ಸಮ. ನಿಮಿಷಕ್ಕೆ 24,000 ಸುತ್ತಿನವರೆಗೆ ತಿರುಗುತ್ತದೆ. ವಿ.ಎಫ್.ಡಿ.ಗೂ ಸ್ಪಿಂಡಲಿಗೂ ನಡುವಿನ ತಂತಿಯಲ್ಲಿ ರಿಲೇಯನ್ನಾಗಲಿ ಕಾಂಟ್ಯಾಕ್ಟರನ್ನಾಗಲಿ ಹಾಕಬಾರದು. ಓಡುವಾಗ ಅಲ್ಲಿ ಸಂಪರ್ಕ ಬಿಡಿಸಿದರೆ ವಿ.ಎಫ್.ಡಿ. ಸುಟ್ಟುಹೋಗುವ ಸಂಭವವಿದೆ. ಚಾಲೂ ಮಾಡಲೆಂದೇ ಅದರಲ್ಲಿ ಪ್ರತ್ಯೇಕ ತಿರುಪುಗಳಿರುತ್ತವೆ. ರಿಲೇಯ ಸಂಪರ್ಕವನ್ನು ಅಲ್ಲಿಗೆ ಒಯ್ಯಬೇಕು.

ಸ್ಪಿಂಡಲ್ ನೀರಿನಿಂದ ತಂಪಾಗುವ ಬಗೆಯದಾದರೆ ನೀರು ನಿಂತ ಸ್ವಲ್ಪ ಹೊತ್ತಿನಲ್ಲಿಯೇ ಬಿಸಿಯಾಗಿ ಕೆಡುತ್ತದೆ. ಬಾವಿಯಲ್ಲಿ ನೀರಿಲ್ಲದಾಗ ಪಂಪು ಒಣಗಿ ಓಡದಂತೆ ಡ್ರೈ ರನ್ ರಕ್ಷಕವನ್ನು ಹಾಕುವಂತೆ ಇಲ್ಲಿಯೂ ನೀರಿನ ಹರಿವನ್ನು ನೋಡುವ ಸ್ವಿಚ್ಚನ್ನು ಹಿಂದಿರುಗುವ ಕೊಳವೆಗೆ ಹಾಕಿ, ಅದರ ಸಂಪರ್ಕವನ್ನು ಚಾಲೂ ಮಾಡುವ ತಂತಿಯಲ್ಲಿ ಸಾಲಾಗಿ ಕೂಡಿಸಬೇಕು. ಪಂಪಿಗೆ ವಿದ್ಯುತ್ತು ಇದೆಯೆಂದರೆ ಸಾಲದು, ನೀರು ಹರಿಯುತ್ತಿರಬೇಕು. ಆದ್ದರಿಂದ ಸ್ವಿಚ್ಚು ನೋಡಬೇಕಾದುದು ಹರಿವನ್ನು.

ಅಂಚಿನ ಸ್ವಿಚ್ಚುಗಳು

ಪ್ರತಿ ಅಕ್ಷದ ಕೊನೆಯಲ್ಲಿ ಒಂದು ಸ್ವಿಚ್ಚು ಇದ್ದರೆ ಎರಡು ಉಪಯೋಗಗಳಿವೆ. ಕೆಲಸ ಆರಂಭಿಸುವ ಮುನ್ನ ಯಂತ್ರವು ತಾನಾಗಿ ಹೋಗಿ ಸ್ವಿಚ್ಚನ್ನು ಮುಟ್ಟಿ ತನ್ನ ಮೂಲಸ್ಥಾನವನ್ನು ಕಂಡುಕೊಳ್ಳುತ್ತದೆ. ಕೆಲಸದ ನಡುವೆ ಅಂಚು ಮೀರಿದರೆ ಕೂಡಲೇ ನಿಲ್ಲುತ್ತದೆ. ಜಿ.ಆರ್.ಬಿ.ಎಲ್.ನಲ್ಲಿ ಡಾಲರ್ ಚಿಹ್ನೆಯ 22ನೆಯ ಹೊಂದಿಕೆ ಮೊದಲನೆಯದಕ್ಕೆ, 21ನೆಯದು ಎರಡನೆಯದಕ್ಕೆ.

ಎಲೆಕ್ಟ್ರಿಷಿಯನ್ನರು ಎನ್.ಸಿ. ಎನ್ನುವ, ಒತ್ತದಿರುವಾಗ ಕೂಡಿರುವ ಸಂಪರ್ಕವನ್ನೇ ಇದಕ್ಕೆ ಬಳಸಬೇಕು. ಇಲಿ ತಂತಿಯನ್ನು ಕಡಿದರೂ, ತಿರುಪು ಸಡಿಲವಾದರೂ ಎನ್.ಸಿ. ಸ್ವಿಚ್ಚು ಅದನ್ನು ತಕ್ಷಣ ತಿಳಿಸಿ ಯಂತ್ರವನ್ನು ನಿಲ್ಲಿಸುತ್ತದೆ. ಎನ್.ಓ. ಸ್ವಿಚ್ಚಿನ ತಂತಿ ತುಂಡಾದರೆ ಬಡಿದಾಗಲೇ ತಿಳಿಯುವುದು. ಎನ್.ಸಿ. ಬಳಸಿದಾಗ ಡಾಲರ್ ಚಿಹ್ನೆಯ 5ನೆಯ ಹೊಂದಿಕೆಯನ್ನು 1 ಮಾಡಬೇಕು.

ಮುಟ್ಟುಫಲಕ

ಬಿಟ್ ಬದಲಿಸಿದಾಗಲೆಲ್ಲ ಅದರ ತುದಿ ಹಲಗೆಯಿಂದ ಎಷ್ಟು ಎತ್ತರದಲ್ಲಿದೆಯೆಂದು ತಿಳಿಸಬೇಕಾಗುತ್ತದೆ. ಇದಕ್ಕೆ ಒಂದು ಲೋಹದ ಫಲಕ ಸಾಕು. ಫಲಕದಿಂದ ಒಂದು ತಂತಿಯನ್ನು ಎ5 ಪಿನ್ನಿಗೂ, ಬಿಟ್ಟಿಗೆ ಕಚ್ಚುವ ಕ್ಲಿಪ್ಪಿನ ತಂತಿಯನ್ನು ಬೋರ್ಡಿನ ಗ್ರೌಂಡಿಗೂ ಕೂಡಿಸಬೇಕು. ಸಾಪೇಕ್ಷ ಅಳತೆಯ ಜಿ91 ಸ್ಥಿತಿಯಲ್ಲಿ 'ಜಿ38.2 ಝಡ್-25 ಎಫ್50' ಎಂದರೆ ಬಿಟ್ ನಿಮಿಷಕ್ಕೆ 50 ಮಿ.ಮೀ. ವೇಗದಲ್ಲಿ ಇಳಿದು ಫಲಕವನ್ನು ಮುಟ್ಟಿದೊಡನೆ ನಿಲ್ಲುತ್ತದೆ. 25 ಮಿ.ಮೀ. ಇಳಿದರೂ ಮುಟ್ಟದಿದ್ದರೆ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಫಲಕದ ದಪ್ಪ 12 ಮಿ.ಮೀ. ಇದ್ದರೆ ಮುಟ್ಟಿದ ಸ್ಥಾನವನ್ನು 12 ಎಂದು ಬರೆದುಕೊಳ್ಳಬೇಕು.

ಕ್ಲಿಪ್ಪು ಹಾಕುವುದನ್ನು ಮರೆತರೆ ಬಿಟ್ ಫಲಕವನ್ನು ಕೊರೆಯುವಂತೆ ಒತ್ತಿ ಮುರಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಮೊದಲು ಫಲಕವನ್ನು ಕೈಯಲ್ಲಿ ಹಿಡಿದು ಬಿಟ್ಟಿಗೆ ತಾಗಿಸಿ, ಕಂಪ್ಯೂಟರಿನಲ್ಲಿ ಸೂಚನೆ ಬರುವುದೇ ಎಂದು ನೋಡಬೇಕು. ಈ ಕೆಲಸದಲ್ಲಿ ಕೈ ಬಿಟ್ಟಿನ ಹತ್ತಿರವಿರುವುದರಿಂದ ಕತ್ತರಿಸುವ ಮೋಟಾರಿನ ವಿದ್ಯುತ್ತನ್ನು ಪೂರ್ಣವಾಗಿ ತೆಗೆದಿರಬೇಕು. ಎಂ5 ಕೊಟ್ಟಿದ್ದೇವೆಂಬ ಭರವಸೆ ಸಾಲದು.

ನಿಲುಗಡೆ ವ್ಯವಸ್ಥೆ

ಕತ್ತರಿಸುವ ಮೋಟಾರು ಮತ್ತು ಉಪಸಾಧನಗಳಿಗೆ ಹೋಗುವ ಎಲ್ಲ ವಿದ್ಯುತ್ತೂ ಒಂದು ಮುಖ್ಯ ಕಾಂಟ್ಯಾಕ್ಟರಿನ ಮೂಲಕ ಬರಬೇಕು. ಅದಕ್ಕೆ ಪಂಪಿನ ಸ್ಟಾರ್ಟರಿನಂತೆಯೇ ಹಸಿರು ಗುಂಡಿ, ಹಿಡಿದಿಡುವ ಸಂಪರ್ಕ ಮತ್ತು ಸಾಲಿನಲ್ಲಿ ಎನ್.ಸಿ. ಬಗೆಯ ದೊಡ್ಡ ಕೆಂಪು ಗುಂಡಿ ಇರಬೇಕು. ಕೆಂಪು ಗುಂಡಿ ಒತ್ತಿದರೆ ನಿಯಂತ್ರಕ ಏನೇ ಹೇಳುತ್ತಿರಲಿ, ಪ್ರೋಗ್ರಾಮು ಎಲ್ಲಿಯೇ ಇರಲಿ, ವಿದ್ಯುತ್ತು ಕಡಿಯಬೇಕು. ಗುಂಡಿಯ ತಂತಿಯನ್ನು ನಿಯಂತ್ರಕದ ಪಿನ್ನಿಗೆ ಮಾತ್ರ ಒಯ್ದು ತೃಪ್ತಿಪಡುವುದು ತಪ್ಪು. ನಿಯಂತ್ರಕವೇ ಸ್ತಬ್ಧವಾದರೆ ಆ ಗುಂಡಿ ಕೆಲಸಕ್ಕೆ ಬಾರದು. ವಿದ್ಯುತ್ತು ಕಡಿದ ಮೇಲೂ ಬಿಟ್ ಕೆಲವು ಸೆಕೆಂಡು ತಿರುಗುತ್ತಿರುತ್ತದೆ ಎಂಬುದನ್ನು ಮರೆಯಬಾರದು.

ಪಂಪ್‌ಸೆಟ್ಟುಗಳಿಗೆ ನಮ್ಮ ರೈತರು ಆಟೋ ಸ್ಟಾರ್ಟರ್ ಹಾಕುವ ರೂಢಿಯಿದೆ. ರಾತ್ರಿ ಯಾವ ಹೊತ್ತಿಗೆ ಕರೆಂಟು ಬಂದರೂ ಪಂಪು ತಾನಾಗಿ ಹೊರಡಲೆಂಬುದು ಉದ್ದೇಶ. ರೂಟರಿಗೆ ಇದು ಸಲ್ಲದು. ಕರೆಂಟು ಹೋದಾಗ ಬಿಟ್ ಮರದೊಳಗೆ ಸಿಕ್ಕಿರುತ್ತದೆ. ಅದನ್ನು ಬಿಡಿಸಲೆಂದು ಕೈ ಹಾಕಿರುತ್ತೇವೆ. ಆಗ ಕರೆಂಟು ಬಂದು ಮೋಟಾರು ತಾನಾಗಿ ಹೊರಟರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಹಿಡಿದಿಡುವ ಸಂಪರ್ಕವಿರುವ ಕಾಂಟ್ಯಾಕ್ಟರು ಕರೆಂಟು ಹೋದೊಡನೆ ಬಿಡುತ್ತದೆ. ಹಸಿರು ಗುಂಡಿ ಒತ್ತುವವರೆಗೂ ಮತ್ತೆ ಕೂಡುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಹೆಜ್ಜೆಗಳ ಎಣಿಕೆಯೂ ತಪ್ಪಿರುತ್ತದೆ. ಬಿಟ್ಟನ್ನು ಮೇಲೆತ್ತಿ, ಮೂಲಸ್ಥಾನಕ್ಕೆ ಕಳುಹಿಸಿಯೇ ಕೆಲಸ ಮುಂದುವರಿಸಬೇಕು.

ಬೆಂಕಿಯ ಅಪಾಯ

ಕಂಪ್ಯೂಟರು ನಡುವೆ ನಿದ್ರಾಸ್ಥಿತಿಗೆ ಹೋದರೆ ಅಥವಾ ಯು.ಎಸ್.ಬಿ. ತಂತಿಯ ಸಂಪರ್ಕ ತಪ್ಪಿದರೆ ಏನಾಗುತ್ತದೆಂದು ಯೋಚಿಸಬೇಕು. ಪ್ರತ್ಯೇಕ ವಿದ್ಯುತ್ತಿನಿಂದ ನಡೆಯುವ ನಿಯಂತ್ರಕವು ತನ್ನ ಬಳಿಯಿರುವ ಕೆಲವು ಸಾಲುಗಳನ್ನು ಮುಗಿಸಿ, ಮುಂದಿನ ಆಜ್ಞೆಗಾಗಿ ಕಾಯುತ್ತ ನಿಲ್ಲುತ್ತದೆ. 'ನಿಲ್ಲಿಸು' ಎಂಬ ಆಜ್ಞೆ ಬಾರದ ಕಾರಣ ಬಿಟ್ ತಿರುಗುತ್ತಲೇ ಇರುತ್ತದೆ. ಒಂದೇ ಜಾಗದಲ್ಲಿ ಉಜ್ಜಿ ಮರ ಸುಡತೊಡಗುತ್ತದೆ. ಧೂಳು ಹೀರುವ ಯಂತ್ರವು ಆ ಕಿಡಿಯನ್ನು ಎಳೆದುಕೊಂಡು ಪುಡಿ ತುಂಬಿದ ಚೀಲಕ್ಕೆ ಸೇರಿಸುತ್ತದೆ. ಅಲ್ಲಿ ಗಾಳಿಯೂ ಇದೆ, ಒಣ ಪುಡಿಯೂ ಇದೆ. ಉಪಸಾಧನಗಳನ್ನು ಸ್ವಯಂಚಾಲಿತಗೊಳಿಸಿದವರೇ ಯಂತ್ರವನ್ನು ಬಿಟ್ಟು ಊಟಕ್ಕೆ ಏಳುವುದು ಹೆಚ್ಚಾದ್ದರಿಂದ ಈ ಅಪಾಯ ಅವರಿಗೇ ಹೆಚ್ಚು.

ಪರಿಹಾರವಾಗಿ ಕಂಪ್ಯೂಟರಿನ ನಿದ್ರಾಸ್ಥಿತಿಯನ್ನು ತೆಗೆದುಹಾಕಬೇಕು. ಯಂತ್ರ ನಡೆಯುವಾಗ ಒಬ್ಬರು ಹತ್ತಿರವೇ ಇರಬೇಕು. ಪುಡಿಯ ಚೀಲವನ್ನು ಪ್ರತಿ ಸಂಜೆ ಖಾಲಿ ಮಾಡಿ, ಪುಡಿಯನ್ನು ಮನೆ, ಕೊಟ್ಟಿಗೆ ಮತ್ತು ಬಣವೆಗಳಿಂದ ದೂರ ಇಡಬೇಕು. ಕೋಣೆಯಲ್ಲಿ ಒಣಪುಡಿಯ ಅಗ್ನಿಶಾಮಕವೂ ಒಂದು ಬಕೆಟ್ ಮರಳೂ ಇರಲಿ. ವಿದ್ಯುತ್ತು ಇರುವ ಕಡೆ ನೀರು ಎರಚಬಾರದು.

ವಿದ್ಯುತ್ ಗೊಂದಲದ ನಿವಾರಣೆ

ಧೂಳು ಹೀರುವ ಯಂತ್ರ ಚಾಲೂ ಆದೊಡನೆ ಕಾರಣವಿಲ್ಲದೆ ಅಂಚಿನ ಎಚ್ಚರಿಕೆ ಬಂದು ಯಂತ್ರ ನಿಂತರೆ, ಮೋಟಾರಿನ ತಂತಿಯ ಕಂಪನವು ಸ್ವಿಚ್ಚಿನ ತಂತಿಗೆ ಹರಿದಿದೆಯೆಂದು ತಿಳಿಯಬೇಕು. ಇದಕ್ಕೆ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. 230 ವೋಲ್ಟಿನ ತಂತಿಗಳನ್ನೂ ಸ್ವಿಚ್ಚುಗಳ ತಂತಿಗಳನ್ನೂ ಒಂದೇ ಕೊಳವೆಯಲ್ಲಿ ಒಯ್ಯಬಾರದು.
2. ಸ್ವಿಚ್ಚುಗಳಿಗೆ ಜಾಲರಿ ಹೊದಿಕೆಯ ತಂತಿ ಬಳಸಿ, ಹೊದಿಕೆಯನ್ನು ನಿಯಂತ್ರಕದ ಕಡೆಯ ಒಂದೇ ತುದಿಯಲ್ಲಿ ಅರ್ಥಿಂಗ್‌ಗೆ ಕೂಡಿಸಬೇಕು.
3. ಸ್ವಿಚ್ಚಿನ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಬೇಕು.
4. ಡಿ.ಸಿ. ವಿದ್ಯುತ್ತಿನ ಸುರುಳಿ ಅಥವಾ ಸೊಲೆನಾಯ್ಡ್ ವಾಲ್ವ್ ಇದ್ದರೆ ಅದಕ್ಕೆ ಅಡ್ಡಲಾಗಿ, ವಿದ್ಯುತ್ತಿಗೆ ವಿರುದ್ಧ ಮುಖವಾಗಿ ಒಂದು ಡಯೋಡ್ ಹಾಕಬೇಕು. ಹನಿ ನೀರಾವರಿಯಲ್ಲಿ ಬಳಸುವ 24 ವೋಲ್ಟ್ ಎ.ಸಿ. ವಾಲ್ವುಗಳಿಗೆ ಡಯೋಡ್ ಹಾಕಬಾರದು.

ಪರೀಕ್ಷೆ

ಜೋಡಣೆ ಮುಗಿದ ಕೂಡಲೇ ಮೋಟಾರುಗಳನ್ನು ಕೂಡಿಸಬಾರದು. ಕಾಂಟ್ಯಾಕ್ಟರುಗಳ ಹೊರತುದಿಗೆ ಮೋಟಾರಿನ ಬದಲು ಒಂದೊಂದು 230 ವೋಲ್ಟ್ ಬಲ್ಬು ಹಾಕಿ, ಕೆಳಗಿನಂತೆ ಪರೀಕ್ಷಿಸಬೇಕು. ವಿ.ಎಫ್.ಡಿ. ಇರುವಲ್ಲಿ ಬಲ್ಬನ್ನು ಅದರ ರಿಲೇಯ ಸಂಪರ್ಕಕ್ಕೆ ಹಾಕಿ ನೋಡಿ, ನಂತರ ಬಿಡಿಸಬೇಕು.

1. ವಿದ್ಯುತ್ತು ಕೊಟ್ಟಾಗ ಯಾವ ಬಲ್ಬೂ ಹತ್ತಬಾರದು. ಕ್ಷಣಮಾತ್ರ ಮಿಂಚಲೂ ಬಾರದು.
2. ಹಸಿರು ಗುಂಡಿ ಒತ್ತಿ ಎಂ8, ಎಂ3 ಕೊಟ್ಟಾಗ ಆಯಾ ಬಲ್ಬು ಹತ್ತಬೇಕು. ಎಂ9, ಎಂ5 ಕೊಟ್ಟಾಗ ಆರಬೇಕು.
3. ಬಲ್ಬುಗಳು ಹತ್ತಿರುವಾಗ ಅಂಚಿನ ಸ್ವಿಚ್ಚಿನ ತಂತಿಯನ್ನು ಕಿತ್ತರೆ ಎಚ್ಚರಿಕೆ ಬಂದು ಎಲ್ಲವೂ ಆರಬೇಕು.
4. ಕೆಂಪು ಗುಂಡಿ ಒತ್ತಿದರೆ ಎಲ್ಲವೂ ಆರಬೇಕು. ಗುಂಡಿಯನ್ನು ಬಿಡಿಸಿದಾಗ ಮತ್ತೆ ಹತ್ತಬಾರದು.
5. ಮುಖ್ಯ ಸ್ವಿಚ್ಚನ್ನು ತೆಗೆದು ಮತ್ತೆ ಹಾಕಿದಾಗ ಯಾವುದೂ ಹತ್ತಬಾರದು.
6. ಯು.ಎಸ್.ಬಿ. ತಂತಿಯನ್ನು ಕಿತ್ತು ಬಲ್ಬುಗಳು ಏನಾಗುತ್ತವೆಂದು ನೋಡಿಕೊಳ್ಳಬೇಕು. ಹತ್ತಿಯೇ ಇದ್ದರೆ ಮೇಲೆ ಹೇಳಿದ ಬೆಂಕಿಯ ಅಪಾಯ ನಿಮ್ಮ ಯಂತ್ರದಲ್ಲಿಯೂ ಇದೆಯೆಂದು ತಿಳಿಯಬೇಕು.

ಮೊದಲ ಐದರಲ್ಲಿ ಒಂದು ತಪ್ಪಿದರೂ ಮೋಟಾರು ಕೂಡಿಸಬಾರದು. 230 ವೋಲ್ಟಿನ ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಯಂತ್ರದ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಇರಬೇಕು. ಲೈನಿಗೆ ಎಂ.ಸಿ.ಬಿ.ಯ ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಬೇಕು.

ಕೃಷಿಯಲ್ಲಿ ಇದೇ ತತ್ತ್ವ

ಈ ತಿಳಿವಳಿಕೆ ಮರಗೆಲಸಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ರೋರಿ ಅರಾನ್ಸನ್ ಅವರು 2013ರಲ್ಲಿ ಫಾರ್ಮ್‌ಬಾಟ್ ಎಂಬ ಯೋಜನೆಯನ್ನು ಪ್ರಕಟಿಸಿದರು. ಅದರಲ್ಲಿ ಇಂಥದೇ ಮೂರು ಅಕ್ಷಗಳ ಯಂತ್ರವು ತರಕಾರಿ ಮಡಿಯ ಮೇಲೆ ಚಲಿಸಿ ಬೀಜ ಊರುತ್ತದೆ, ಗಿಡಗಿಡಕ್ಕೂ ನೀರು ಕೊಡುತ್ತದೆ. ಅಲ್ಲಿ ನೀರಿನ ವಾಲ್ವನ್ನು ತೆರೆಯುವುದೂ ಇಲ್ಲಿ ಧೂಳು ಹೀರುವ ಯಂತ್ರವನ್ನು ಚಾಲೂ ಮಾಡುವುದೂ ಒಂದೇ ಬಗೆಯ ಕೆಲಸ. ಹನಿ ನೀರಾವರಿಯ ವಾಲ್ವುಗಳನ್ನು ನಿಯಂತ್ರಕದಿಂದ ನಡೆಸಬಯಸುವವರಿಗೂ ಚಿಕ್ಕ ಸಂಕೇತ, ನಡುವಣ ರಿಲೇ ಮತ್ತು ಭಾರ ಎಂಬ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಹೊಸದಾಗಿ ಆರಂಭಿಸುವವರು ಮೊದಲು ಮುಖ್ಯ ಕಾಂಟ್ಯಾಕ್ಟರು ಮತ್ತು ಕೆಂಪು ಗುಂಡಿ, ನಂತರ ಅಂಚಿನ ಸ್ವಿಚ್ಚುಗಳು, ಅನಂತರ ಧೂಳು ಹೀರುವ ಯಂತ್ರ, ಕೊನೆಗೆ ಮುಟ್ಟುಫಲಕ ಮತ್ತು ಕತ್ತರಿಸುವ ಮೋಟಾರು, ಈ ಕ್ರಮದಲ್ಲಿ ಒಂದೊಂದಾಗಿ ಜೋಡಿಸಿಕೊಳ್ಳುವುದು ಒಳ್ಳೆಯದು. ಒಂದನ್ನು ಪೂರ್ಣವಾಗಿ ಪರೀಕ್ಷಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಹೀಗೆ ಎಚ್ಚರಿಕೆಯಿಂದ ಮಾಡಿದ ಜೋಡಣೆಯು ಮನೆಯವರ ಶ್ವಾಸಕೋಶವನ್ನೂ ಬೆರಳುಗಳನ್ನೂ ಕಾಪಾಡಿ, ಬಿಡುವಿನ ವೇಳೆಯ ದುಡಿಮೆಯನ್ನು ಹಗುರಗೊಳಿಸುತ್ತದೆ.